ಅಮ್ಮ ಬರೆಯುವಂತಿಲ್ಲ, ಮಗಳು ಬರೆಯಬಹುದು: ಅಂಧ ವಿದ್ಯಾರ್ಥಿಗಳ ಪರೀಕ್ಷೆಗೆ ಲಿಪಿಕಾರರಾಗುವುದು ಹೇಗೆ?

ಫೆಬ್ರವರಿ ಮುಗಿಯುತ್ತಾ ಬಂದಂತೆ ಸ್ವಯಂಸೇವಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. 'ಹತ್ತನೇ ತರಗತಿಯ ಸಮಾಜ ವಿಜ್ಞಾನ ಪರೀಕ್ಷೆಗೆ ಸ್ಕ್ರೈಬ್ ಬೇಕು. ಒಂಬತ್ತನೇ ತರಗತಿ ಅಥವಾ ಅದಕ್ಕಿಂತ ಕೆಳಗೆ ಓದುತ್ತಿರಬೇಕು. ತುರ್ತು.' ಇದನ್ನು ಓದಿದ ಅಪ್ಪನೋ ಅಮ್ಮನೋ 'ನಾನೇ ಬಂದು ಬರೆದುಕೊಡ್ತೀನಿ' ಎಂದು ಉತ್ತರಿಸಿದರೆ ಆ ಕಡೆಯಿಂದ ಬರುವ ಪ್ರಶ್ನೆ ಬೇರೆಯೇ: 'ನಿಮ್ಮ ಮನೇಲಿ ಎಂಟನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಓದೋ ಮಕ್ಕಳಿದ್ದಾರಾ?'

ಪದವಿ ಪಡೆದ ತಾಯಿಗೆ ಅವಕಾಶವಿಲ್ಲ, ಹದಿನಾಲ್ಕರ ಮಗಳಿಗಿದೆ! ಸ್ವಯಂಸೇವೆ ಎಂದರೆ ದೊಡ್ಡವರು ಮುಂದೆ, ಮಕ್ಕಳು ಹಿಂದೆ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಹಾಗಂತ ಪೋಷಕರಿಗೆ ಕೆಲಸವಿಲ್ಲ ಎಂದಲ್ಲ. ಅವರಿಲ್ಲದೆ ಮಗಳು ಪರೀಕ್ಷಾ ಕೇಂದ್ರದ ಗೇಟಿನವರೆಗೂ ತಲುಪಲಾರಳು.

ಲಿಪಿಕಾರ ಅಂದರೆ ಯಾರು?

ಕಣ್ಣು ಕಾಣದ ಅಥವಾ ಕೈಯಿಂದ ಬರೆಯಲಾಗದ ಅಭ್ಯರ್ಥಿ ಬಾಯಲ್ಲಿ ಹೇಳಿದ ಉತ್ತರವನ್ನು ಉತ್ತರ ಪತ್ರಿಕೆಯಲ್ಲಿ ಬರೆಯುವವರೇ ಲಿಪಿಕಾರರು. ಜನರ ಬಾಯಲ್ಲಿ ಈಗ 'ಸ್ಕ್ರೈಬ್' ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಅಂಧ ವಿದ್ಯಾರ್ಥಿಗಳಾದರೆ ಪ್ರಶ್ನೆ ಪತ್ರಿಕೆಯನ್ನು ಓದಿ ಹೇಳುವ ಕೆಲಸವೂ ಇವರದೇ. ಬ್ರೈಲ್ ಬಲ್ಲ ವಿದ್ಯಾರ್ಥಿಗಳೂ ಲಿಪಿಕಾರರನ್ನು ಬಳಸುತ್ತಾರೆ. ಬ್ರೈಲ್‌ನಲ್ಲಿ ಉತ್ತರ ಬರೆದರೆ ಅದನ್ನು ಓದಿ ಅಂಕ ಕೊಡಬಲ್ಲ ಮೌಲ್ಯಮಾಪಕರೂ ಬೇಕಲ್ಲ!

ಇದು ಯಾರೋ ದಯೆ ತೋರಿ ಕೊಟ್ಟ ಸೌಲಭ್ಯವಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ 2018ರ ಆಗಸ್ಟ್ 29ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರು ಲಿಪಿಕಾರರನ್ನು ಕೇಳಬಹುದು. ಅಂಧತ್ವ, ಎರಡೂ ತೋಳುಗಳ ವೈಕಲ್ಯ ಮತ್ತು ಸೆರೆಬ್ರಲ್ ಪಾಲ್ಸಿ ಇದ್ದವರು ಬಯಸಿದರೆ ಸಾಕು. ಉಳಿದವರು ಬರೆಯಲು ಕಷ್ಟವಿದೆ ಎಂಬುದಕ್ಕೆ ಸರ್ಕಾರಿ ವೈದ್ಯಾಧಿಕಾರಿಯ ಪ್ರಮಾಣಪತ್ರ ತರಬೇಕು. ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಸಿಗುತ್ತದೆ. ಅಂದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಲಿಪಿಕಾರರಾಗಿ ಬರುವ ಮಕ್ಕಳೂ ಅಷ್ಟು ಹೊತ್ತು ಕೂರಬೇಕು ಎಂಬುದು ನೆನಪಿರಲಿ.

ಶೇ 40ಕ್ಕಿಂತ ಕಡಿಮೆ ವೈಕಲ್ಯ ಇರುವವರ ಕಥೆ ಏನು? ಬರೆಯುವಾಗ ಕೈ ಸೆಟೆದುಕೊಳ್ಳುವ 'ರೈಟರ್ಸ್ ಕ್ರ್ಯಾಂಪ್' ತೊಂದರೆಯಿದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ತೀರ್ಪು ನೀಡಿ, ಶೇ 40ರ ಗೆರೆಯನ್ನು ಮುಂದಿಟ್ಟು ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದಿತು. ಆ ಬಳಿಕ 2022ರ ಆಗಸ್ಟ್‌ನಲ್ಲಿ ಇಂಥವರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಬಂತು.

ಹಾಗಾದರೆ ಪೋಷಕರಿಗೆ ಯಾಕಿಲ್ಲ?

2013ರ ಮಾರ್ಗಸೂಚಿ ಸಾಕಷ್ಟು ಉದಾರವಾಗಿತ್ತು. ಲಿಪಿಕಾರರಿಗೆ ವಿದ್ಯಾರ್ಹತೆ, ಅಂಕ, ವಯಸ್ಸಿನ ಮಿತಿ ಹಾಕಬೇಡಿ, ಬದಲಿಗೆ ಕೊಠಡಿ ಮೇಲ್ವಿಚಾರಣೆ ಬಿಗಿ ಮಾಡಿ ಎಂದಿತ್ತು. 2018ರಲ್ಲಿ ಅದು ಬದಲಾಯಿತು. ಅಭ್ಯರ್ಥಿಯೇ ಲಿಪಿಕಾರರನ್ನು ಕರೆತರುವುದಾದರೆ ಅವರ ವಿದ್ಯಾರ್ಹತೆ ಅಭ್ಯರ್ಥಿಯ ವಿದ್ಯಾರ್ಹತೆಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂಬ ನಿಯಮ ಸೇರಿತು. ಬರೆಯುವವರಿಗೇ ಉತ್ತರ ಗೊತ್ತಿದ್ದರೆ ಪರೀಕ್ಷೆ ಯಾರದ್ದು ಎಂಬ ಅನುಮಾನ ಬರುತ್ತದೆ, ಅದನ್ನು ತಪ್ಪಿಸುವುದು ಇದರ ಉದ್ದೇಶ. ಶಾಲಾ ಮಟ್ಟದಲ್ಲಿ ಇದರ ಅರ್ಥ ಸರಳ: ಹತ್ತನೇ ತರಗತಿಯವರಿಗೆ ಒಂಬತ್ತನೇ ತರಗತಿಯವರು, ಪಿಯುಸಿಯವರಿಗೆ ಅದಕ್ಕಿಂತ ಕೆಳಗಿನವರು. ಕಾಲೇಜು ಸ್ನೇಹಿತರು, ಅಕ್ಕ, ಅಪ್ಪ, ಟ್ಯೂಷನ್ ಮೇಷ್ಟ್ರು ಎಲ್ಲರೂ ಪಟ್ಟಿಯಿಂದ ಹೊರಗೆ. ಉಳಿದವರು ಹದಿಹರೆಯದ ಮಕ್ಕಳು ಮಾತ್ರ.

ನಿಯಮ ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ತೊಡಕಿರುವುದು ಕ್ಯಾಲೆಂಡರ್‌ನಲ್ಲಿ. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ನಡೆಯುವ ಹೊತ್ತಿಗೇ ಒಂಬತ್ತನೇ ತರಗತಿಯವರ ವಾರ್ಷಿಕ ಪರೀಕ್ಷೆಯೂ ಬರುತ್ತದೆ. ಯಾರು ಬರೆಯಬಹುದೋ ಅವರಿಗೇ ಬಿಡುವಿಲ್ಲ. ಫೆಬ್ರವರಿ ಕೊನೆಯ ತುರ್ತು ಸಂದೇಶಗಳಿಗೆ ಇದೂ ಒಂದು ಕಾರಣ.

ಸ್ಪರ್ಧಾತ್ಮಕ ಪರೀಕ್ಷೆಗಳ ದಾರಿ ಸ್ವಲ್ಪ ಬೇರೆ. ಅಭ್ಯರ್ಥಿಗಳು ಸ್ವಂತ ಲಿಪಿಕಾರರನ್ನು ತರುವ ಪದ್ಧತಿಯಿಂದ ದೂರ ಸರಿದು, ಪರೀಕ್ಷೆ ನಡೆಸುವ ಸಂಸ್ಥೆಗಳೇ ಲಿಪಿಕಾರರ ಪಟ್ಟಿ ಇಟ್ಟುಕೊಳ್ಳುವ ಕಡೆಗೆ 2025ರ ಹೊಸ ಮಾರ್ಗಸೂಚಿ ಹೊರಟಿದೆ. ಅಕ್ರಮ ತಡೆಯಲು ಇದು ಬೇಕು ಎಂಬುದು ಒಂದು ವಾದ, ಮುಖ ಪರಿಚಯವಿಲ್ಲದವರ ಜತೆ ಹೊಂದಾಣಿಕೆ ಕಷ್ಟ ಎಂಬುದು ಇನ್ನೊಂದು. ಶಾಲಾ ಪರೀಕ್ಷೆಗಳಿಗೆ ಆಯಾ ಮಂಡಳಿಯ ನಿಯಮವೇ ಅನ್ವಯ. ಮಂಡಳಿಯಿಂದ ಮಂಡಳಿಗೆ ವ್ಯತ್ಯಾಸ ಇರುವುದರಿಂದ ಮಕ್ಕಳ ಹೆಸರು ಕೊಡುವ ಮೊದಲು ಅಭ್ಯರ್ಥಿಯ ಶಾಲೆಯನ್ನೇ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಗೊತ್ತಿದ್ದೂ ಸುಮ್ಮನಿರುವುದು

ಬರೆಯುವುದಕ್ಕೇನು ಮಹಾ, ಕೈಬರಹ ಚೆನ್ನಾಗಿದ್ದರೆ ಸಾಕಲ್ಲ ಎನಿಸಬಹುದು. ಹೋಗಿ ಕೂತವರಿಗಷ್ಟೇ ಅದರ ಕಷ್ಟ ಗೊತ್ತು.

ಅಭ್ಯರ್ಥಿ ಉತ್ತರ ಹೇಳುತ್ತಿದ್ದಾಳೆ. ಒಂದು ಇಸವಿ ತಪ್ಪಾಗಿ ಹೇಳಿದಳು ಎಂದು ಬರೆಯುತ್ತಿರುವ ಹುಡುಗಿಗೆ ಅನಿಸಿತು. ಹೋದ ವಾರವಷ್ಟೇ ಓದಿದ ಪಾಠ ಅದು. ಏನು ಮಾಡಬೇಕು? ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು. 'ಸರಿ ನೋಡಿ ಅಕ್ಕಾ' ಎನ್ನುವಂತಿಲ್ಲ, ಪೆನ್ನು ನಿಲ್ಲಿಸಿ ಕಾಯುವಂತಿಲ್ಲ, ಗಂಟಲು ಸರಿ ಮಾಡಿಕೊಳ್ಳುವಂತೆಯೂ ಇಲ್ಲ. ಯಾಕೆಂದರೆ ಆ ನಿಲುಗಡೆಯೇ ಒಂದು ಸುಳಿವು. ಅಷ್ಟಕ್ಕೂ ತಪ್ಪಿರುವುದು ಬರೆಯುವವಳ ನೆನಪೂ ಆಗಿರಬಹುದು.

ಪ್ರಶ್ನೆ ಓದುವುದರಲ್ಲೂ ಇದೇ ಎಚ್ಚರ ಬೇಕು. ನಾಲ್ಕು ಆಯ್ಕೆಗಳಲ್ಲಿ ಸರಿಯುತ್ತರವನ್ನು ಓದುವಾಗ ದನಿ ತಾನಾಗಿಯೇ ಸ್ವಲ್ಪ ಏರುತ್ತದೆ. ನಾಲ್ಕನ್ನೂ ಒಂದೇ ದನಿಯಲ್ಲಿ, ಒಂದೇ ವೇಗದಲ್ಲಿ ಓದಲು ಅಭ್ಯಾಸ ಬೇಕು. ಪ್ರಶ್ನೆಯನ್ನು ಬಿಡಿಸಿ ವಿವರಿಸುವ ಹಾಗಿಲ್ಲ, ಎಷ್ಟು ಬಾರಿ ಕೇಳಿದರೂ ಓದಿ ಹೇಳಬೇಕು. ಎಷ್ಟು ಹೊತ್ತು ಉಳಿದಿದೆ, ಯಾವ ಪ್ರಶ್ನೆಗೆ ಎಷ್ಟು ಅಂಕ ಎಂಬುದನ್ನು ಅಭ್ಯರ್ಥಿ ಕೇಳಿದಾಗ ತಿಳಿಸಬೇಕು.

ಗಣಿತದಲ್ಲಂತೂ ಕಿವಿ ಇನ್ನಷ್ಟು ಚುರುಕಾಗಿರಬೇಕು. 'ಎಕ್ಸ್ ಪ್ಲಸ್ ಎರಡರ ವರ್ಗ' ಎಂದು ಹೇಳಿದರೆ ವರ್ಗ ಬರೀ ಎರಡಕ್ಕೋ, ಆವರಣದೊಳಗಿನ ಇಡೀ ಮೊತ್ತಕ್ಕೋ? ಒಂದು ಆವರಣ ಚಿಹ್ನೆ ಬಿಟ್ಟುಹೋದರೆ ಉತ್ತರವೇ ಬದಲಾಗುತ್ತದೆ. 'ಆವರಣ ಶುರು', 'ಆವರಣ ಮುಗೀತು' ಎಂದು ಹೇಳುವ ರೂಢಿಯನ್ನು ಇಬ್ಬರೂ ಮೊದಲೇ ಮಾಡಿಕೊಂಡಿರಬೇಕು. ನಕ್ಷೆ, ಚಿತ್ರಗಳ ವಿಷಯದಲ್ಲಿ ಸ್ವಲ್ಪ ನಿರಾಳ. ಸಿಬಿಎಸ್‌ಇಯ ಸಮಾಜ ವಿಜ್ಞಾನ ಪತ್ರಿಕೆಯಲ್ಲಿ ನಕ್ಷೆಯ ಪ್ರಶ್ನೆಗೆ ಬದಲಾಗಿ ದೃಷ್ಟಿದೋಷವುಳ್ಳವರಿಗೆಂದೇ ಬೇರೆ ಪ್ರಶ್ನೆ ಕೊಟ್ಟಿರುತ್ತಾರೆ.

ಕನ್ನಡ ಮಾಧ್ಯಮದ ಪರೀಕ್ಷೆಗಳಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಗರದ ಮಕ್ಕಳು ಕನ್ನಡ ಮಾತಾಡುತ್ತಾರೆ, ತಕ್ಕಮಟ್ಟಿಗೆ ಓದುತ್ತಾರೆ. ಆದರೆ ಒಬ್ಬರು ಹೇಳಿದ ವೇಗಕ್ಕೆ ಒತ್ತಕ್ಷರ ಬಿಡದೆ ಬರೆಯುವುದು ಬೇರೆಯದೇ ಮಾತು. ಎಂಟು ಪುಟ ಉತ್ತರ ತಲೆಯಲ್ಲಿದ್ದು, ಬರೆಯುವವರ ಕೈ ನಿಧಾನವಾದ್ದರಿಂದ ಐದೇ ಪುಟ ಕಾಗದಕ್ಕಿಳಿದರೆ ನಷ್ಟ ಯಾರಿಗೆ?

ಪೋಷಕರ ಪಾಲಿನ ಕೆಲಸ

ಈ ಅಭ್ಯಾಸಕ್ಕೆ ಮನೆಯಲ್ಲೇ ಜಾಗವಿದೆ. ದಿನಾ ರಾತ್ರಿ ಅಪ್ಪ ಒಂದು ಪುಟ ಹೇಳುವುದು, ಮಗ ಬರೆಯುವುದು. ಆಮೇಲೆ ಇಬ್ಬರೂ ತಾಳೆ ನೋಡುವುದು. ಉಕ್ತಲೇಖನ ಎಂದು ಹಿಂದೆ ಶಾಲೆಗಳಲ್ಲಿ ಮಾಡಿಸುತ್ತಿದ್ದದ್ದು ಇದನ್ನೇ. ನಡುನಡುವೆ ಅಪ್ಪ ಬೇಕೆಂದೇ ತಪ್ಪು ಹೇಳಬೇಕು. ಮಗ ತಿದ್ದಿ ಬರೆದರೆ ಅವನು ಇನ್ನೂ ತಯಾರಾಗಿಲ್ಲ ಎಂದರ್ಥ!

ಕಾಗದಪತ್ರದ ಹೊಣೆ ಪೂರ್ತಿ ದೊಡ್ಡವರದು. ಲಿಪಿಕಾರರ ಗುರುತಿನ ಚೀಟಿ, ಭಾವಚಿತ್ರ, ಯಾವ ತರಗತಿ ಎಂಬುದಕ್ಕೆ ಶಾಲೆಯ ದೃಢೀಕರಣ ಪತ್ರ ಸಾಮಾನ್ಯವಾಗಿ ಬೇಕಾಗುತ್ತವೆ. 2018ರ ಮಾರ್ಗಸೂಚಿಯ ಜತೆಗಿರುವ ಮುಚ್ಚಳಿಕೆ ಪತ್ರವನ್ನು ಒಮ್ಮೆ ಗಮನಿಸಿ ಓದಬೇಕು. ಲಿಪಿಕಾರರ ವಿದ್ಯಾರ್ಹತೆ ಹೇಳಿದಂತಿಲ್ಲ ಎಂದು ಮುಂದೆ ತಿಳಿದುಬಂದರೆ ಹಕ್ಕು ಕಳೆದುಕೊಳ್ಳುವವರು ಅಭ್ಯರ್ಥಿಯೇ ಹೊರತು ಲಿಪಿಕಾರರಲ್ಲ. 'ಹತ್ತನೇ ಕ್ಲಾಸು ಈಗಷ್ಟೇ ಮುಗಿದಿದೆ, ಒಂಬತ್ತು ಅಂತ ಬರೆದುಬಿಡೋಣ' ಎಂಬ ಸಣ್ಣ ಹೊಂದಾಣಿಕೆಗೆ ಇನ್ನೊಂದು ಮನೆಯ ಮಗು ಬೆಲೆ ತೆರಬೇಕಾಗುತ್ತದೆ.

ಇದಕ್ಕಿಂತ ದೊಡ್ಡದು ಬರುತ್ತೇವೆ ಎಂದ ಮೇಲೆ ಬರುವುದು. ಪರೀಕ್ಷೆಯ ದಿನ ಲಿಪಿಕಾರರು ಬಾರದಿದ್ದರೆ ವರ್ಷಪೂರ್ತಿ ಓದಿದ್ದು ವ್ಯರ್ಥವಾಗಬಹುದು. ತುರ್ತು ಸಂದರ್ಭದಲ್ಲಿ ಲಿಪಿಕಾರರನ್ನು ಬದಲಿಸಲು ಮಾರ್ಗಸೂಚಿಯಲ್ಲಿ ಅವಕಾಶವೇನೋ ಇದೆ. ಆದರೆ ಬೆಳಗ್ಗೆ ಒಂಬತ್ತೂವರೆಗೆ ಇನ್ನೊಬ್ಬ ಒಂಬತ್ತನೇ ತರಗತಿಯ ಹುಡುಗನನ್ನು ಎಲ್ಲಿಂದ ತರುವುದು? ಹಾಗಾಗಿ ಮಕ್ಕಳು ಒಪ್ಪಿಕೊಳ್ಳುವ ಮೊದಲು ಅವರ ಸ್ವಂತ ಪರೀಕ್ಷೆಯ ವೇಳಾಪಟ್ಟಿ, ಮದುವೆ, ಊರಿನ ಜಾತ್ರೆ ಎಲ್ಲವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಒಬ್ಬರೇ ಎಲ್ಲ ಪತ್ರಿಕೆ ಬರೆಯಬೇಕೆಂದಿಲ್ಲ. ಬೇರೆ ಬೇರೆ ಪತ್ರಿಕೆಗಳಿಗೆ, ವಿಶೇಷವಾಗಿ ಭಾಷಾ ವಿಷಯಗಳಿಗೆ, ಬೇರೆ ಲಿಪಿಕಾರರನ್ನು ಇಟ್ಟುಕೊಳ್ಳಬಹುದು. ಒಂದು ವಿಷಯಕ್ಕೆ ಒಬ್ಬರೇ ಎಂಬುದಷ್ಟೇ ಷರತ್ತು. ಎರಡು ಪತ್ರಿಕೆ ಒಪ್ಪಿಕೊಂಡು ಎರಡಕ್ಕೂ ಹೋದರೆ, ಐದು ಒಪ್ಪಿಕೊಂಡು ಒಂದಕ್ಕೆ ತಪ್ಪಿಸಿಕೊಳ್ಳುವುದಕ್ಕಿಂತ ಲೇಸು.

ಪರೀಕ್ಷೆ ಮುಗಿಸಿ ಬಂದ ಮಕ್ಕಳ ಹತ್ತಿರ 'ಅವರು ಹೇಗೆ ಬರೆದರು, ಪಾಸಾಗ್ತಾರಾ' ಎಂದು ಕೇಳದಿರುವುದೂ ಪೋಷಕರ ಕೆಲಸವೇ. ಆ ಉತ್ತರಗಳು ಇನ್ನೊಬ್ಬರವು. ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಅಭ್ಯರ್ಥಿಯ ಜತೆಗಿನ ಫೋಟೊ ಹಾಕುವ ಉತ್ಸಾಹಕ್ಕೂ ಇದೇ ಮಾತು ಸಲ್ಲುತ್ತದೆ.

ಪುಣೆಯಲ್ಲಿ ಕೂತು ಕನ್ನಡ ಓದಬಹುದು

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಗಳ ಕನ್ನಡ ಕುಟುಂಬಗಳಲ್ಲಿ ಈ ಕೆಲಸ ಸಹಜವಾಗಿ ಎರಡು ಪಾಲಾಗುತ್ತದೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳ ಕೈಗೆ ಮರಾಠಿ, ಹಿಂದಿ, ತೆಲುಗು, ತಮಿಳು ಅಥವಾ ಇಂಗ್ಲಿಷ್ ಸಲೀಸು. ಹಾಗಾಗಿ ಅವರು ಆ ಊರಿನ ಅಭ್ಯರ್ಥಿಗಳಿಗೆ ಲಿಪಿಕಾರರಾಗಬಹುದು. ಕನ್ನಡ ಓದಿ ಬಂದ ಅಪ್ಪ-ಅಮ್ಮ ಕನ್ನಡ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡಬಹುದು. ಮೊಬೈಲ್, ಮಾತಾಡದ ಫ್ಯಾನು, ಮುಚ್ಚಿದ ಕಿಟಕಿ ಇದ್ದರೆ ಆಯಿತು, ಯಾವ ಊರಾದರೇನು?

ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ, ಅಂಗವಿಕಲರು ಬಳಸಬಲ್ಲ ರೂಪಕ್ಕೆ ಪುಸ್ತಕಗಳನ್ನು ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಲು ಅವಕಾಶ ಕೊಟ್ಟಿದೆ. ಇದೇ ಆಶಯದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. ಆದರೆ ವಿನಾಯಿತಿ ಇರುವುದು ಅಂಗವಿಕಲರ ಬಳಕೆಗೆ ಮಾತ್ರ. ಓದಿದ್ದನ್ನು ಯೂಟ್ಯೂಬ್‌ಗೆ ಹಾಕಿ ಎಲ್ಲರಿಗೂ ಹಂಚಿದರೆ ಈ ರಕ್ಷಣೆ ಸಿಗದು. ಸ್ವಯಂಸೇವಾ ಸಂಸ್ಥೆಯ ಮೂಲಕ ಕೊಡುವುದೇ ಸರಿಯಾದ ದಾರಿ.

ಪಠ್ಯಪುಸ್ತಕ ಓದುವಾಗ ನಾಟಕೀಯತೆ ಬೇಡ. ಪುಟಸಂಖ್ಯೆ, ಅಧ್ಯಾಯದ ಹೆಸರು, ಉಪಶೀರ್ಷಿಕೆಗಳನ್ನು ಬಿಡದೆ ಹೇಳಬೇಕು. ಚಿತ್ರ ಅಥವಾ ಕೋಷ್ಟಕ ಬಂದರೆ ಅದರಲ್ಲೇನಿದೆ ಎಂದು ವಿವರಿಸಬೇಕು. ಯಂತ್ರದ ಧ್ವನಿಯಲ್ಲಿ ಪಠ್ಯ ಓದಿಸುವ ತಂತ್ರಾಂಶ ಈಗ ಕನ್ನಡದಲ್ಲೂ ಇದೆ. ಆದರೆ ಕೋಷ್ಟಕ, ಚಿತ್ರಗಳ ಹತ್ತಿರ ಬಂದಾಗ ಮನುಷ್ಯರ ದನಿಯ ಕೆಲಸ ಇನ್ನೂ ಬಾಕಿಯೇ.

ಎಲ್ಲಿ ವಿಚಾರಿಸಬೇಕು?

ಬೆಂಗಳೂರಿನಲ್ಲಿ ಸಮರ್ಥನಂ ಅಂಗವಿಕಲರ ಸಂಸ್ಥೆ ಮತ್ತು ಧ್ವನಿ ಪುಸ್ತಕ ಭಂಡಾರ ನಡೆಸುವ ಮಿತ್ರಜ್ಯೋತಿ, ಮುಂಬೈಯಲ್ಲಿ 1952ರಲ್ಲಿ ಶುರುವಾದ ರಾಷ್ಟ್ರೀಯ ಅಂಧರ ಸಂಘ ಹಾಗೂ ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿರುವ ದೃಷ್ಟಿದೋಷವುಳ್ಳವರ ಸಂಪನ್ಮೂಲ ಕೇಂದ್ರ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಪರಿಚಿತ ಹೆಸರುಗಳು. ಹತ್ತಿರದ ಅಂಧರ ಶಾಲೆಯನ್ನೂ ನೇರವಾಗಿ ಕೇಳಬಹುದು.

ವಿಚಾರಿಸಲು ಮಾರ್ಚ್‌ವರೆಗೆ ಕಾಯಬಾರದು. ದಸರಾ ರಜೆಯ ಸುಮಾರಿಗೆ ಹೆಸರು ಕೊಟ್ಟರೆ ಶಾಲೆಯ ಕಿರು ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಅದೇ ಅಭ್ಯರ್ಥಿಗೆ ಒಂದೆರಡು ಬಾರಿ ಬರೆದು ನೋಡುವ ಅವಕಾಶ ಸಿಗಬಹುದು. ಲಿಪಿಕಾರರನ್ನು ಪರೀಕ್ಷಾ ಸಂಸ್ಥೆಯೇ ಒದಗಿಸಿದರೆ ಎರಡು ದಿನ ಮೊದಲು ಭೇಟಿಯಾಗಲು ಅಭ್ಯರ್ಥಿಗೆ ಅವಕಾಶ ಕೊಡಬೇಕೆಂದು 2018ರ ಮಾರ್ಗಸೂಚಿ ಹೇಳುತ್ತದೆ. ಸ್ವಂತ ಲಿಪಿಕಾರರ ವಿಷಯದಲ್ಲಿ ಎರಡು ದಿನ ಏನೇನೂ ಸಾಲದು. ಒಬ್ಬರ ಉಚ್ಚಾರ ಇನ್ನೊಬ್ಬರ ಕಿವಿಗೆ ಒಗ್ಗಲು, ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಪ್ಯಾರಾ, ಯಾವುದಕ್ಕೆ ಅಡಿಗೆರೆ ಎಂಬ ಸಂಕೇತಗಳು ಇಬ್ಬರ ನಡುವೆ ಕೂರಲು ನಾಲ್ಕೈದು ಭೇಟಿಯಾದರೂ ಬೇಕು. ಆ ಭೇಟಿಗಳಿಗೆ ಮಗಳನ್ನು ಸ್ಕೂಟರಿನಲ್ಲಿ ಕರೆದೊಯ್ದು, ಹೊರಗಿನ ಬೆಂಚಿನ ಮೇಲೆ ಕಾದು ಕೂರುವುದು ಅಮ್ಮನ ಪಾಲು. ಕಾಯುವ ಹೊತ್ತಿಗೆ ಓದಿ ಧ್ವನಿಮುದ್ರಿಸಬೇಕಾದ ಪುಸ್ತಕ ಚೀಲದಲ್ಲಿದ್ದರೆ ಇನ್ನೂ ಅನುಕೂಲ.