ಗ್ಯಾರೇಜಿನ ನೆಲ ಖಾಲಿ ಇರಲಿ, ಗೋಡೆ ಕೆಲಸ ಮಾಡಲಿ

ಆಯುಧಪೂಜೆ ಬಂತೆಂದರೆ ಬಳ್ಳಾರಿ ಸೀಮೆಯ ಮನೆಗಳ ಗ್ಯಾರೇಜಿಗೂ ಸ್ನಾನವಾಗುತ್ತದೆ. ಕಾರು, ಬೈಕು ಹೊರಬಂದು ತೊಳೆಸಿಕೊಳ್ಳುತ್ತವೆ. ಸಲಿಕೆ, ಹಾರೆ, ಸ್ಪ್ಯಾನರುಗಳಿಗೂ ಅರಿಶಿನ ಕುಂಕುಮ ಸಲ್ಲುತ್ತದೆ. ಆದರೆ ಹಬ್ಬ ಕಳೆದು ವಾರ ತುಂಬುವುದರೊಳಗೆ ಅವೆಲ್ಲ ಮೂಲೆಯ ರಾಶಿಗೆ ಮರಳುವುದು ವಾಡಿಕೆ. ಹಳೆಯ ಟೈರು, ಒಡೆದ ಬಕೆಟ್ಟು, ಅರ್ಧ ಉಳಿದ ಬಣ್ಣದ ಡಬ್ಬಿ, ಸವೆದ ಕಸಬರಿಗೆ ಎಲ್ಲವೂ ಒಂದರ ಮೇಲೊಂದು. ಈ ರಾಶಿ ಕಣ್ಣಿಗೆ ಕಿರಿಕಿರಿ ಮಾತ್ರವಲ್ಲ, ಮನೆಮಂದಿಯ ಜೀವಕ್ಕೂ ಕುತ್ತಾಗಬಲ್ಲದು. ನೆಲವನ್ನು ವಾಹನಕ್ಕೆ ಬಿಟ್ಟುಕೊಟ್ಟು, ಉಳಿದುದನ್ನು ಗೋಡೆಗೆ ಏರಿಸುವುದೇ ಇದಕ್ಕೆ ಸರಳ ಪರಿಹಾರ.

ನೆಲದ ಮೇಲೆ ಏನಿರಬಾರದು?

ಬಳ್ಳಾರಿ ನಗರದಲ್ಲಿ ಗ್ಯಾರೇಜಿಗೆ ಧೂಳಿನದೇ ಕಾಟ. ಭತ್ತದ ನಾಡಾದ ಸಿರುಗುಪ್ಪದಲ್ಲಿ ಅದೇ ಜಾಗದಲ್ಲಿ ಚೀಲಗಳೂ ಇರುವುದುಂಟು; ಅವುಗಳ ಹಿಂದೆಯೇ ಇಲಿ ಬರುತ್ತದೆ. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿದರೆ ತೇವ ಏರುವುದಿಲ್ಲ, ಇಲಿಯ ಸುಳಿವೂ ಬೇಗ ಸಿಗುತ್ತದೆ. 2009ರ ನೆರೆಯನ್ನು ಕಂಡ ಸಿರುಗುಪ್ಪ ತಾಲ್ಲೂಕಿನ ನದಿತೀರದವರಿಗೆ, ನೆಲದ ಮೇಲಿರುವುದೇ ಮೊದಲು ನೀರುಪಾಲಾಗುವುದೆಂದು ಹೇಳಬೇಕಾಗಿಲ್ಲ.

ಹಳೆಯ ಟೈರಿನಲ್ಲಿ ನಿಂತ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತವರು. ಅದರ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೂ ತಿಂಗಳುಗಟ್ಟಲೆ ಉಳಿಯಬಲ್ಲವು. ಆದ್ದರಿಂದ ನೀರು ಚೆಲ್ಲಿದರೆ ಸಾಲದು; ಬೇಡದ ಟೈರನ್ನು ಗುಜರಿಗೆ ಕೊಡುವುದೇ ಲೇಸು.

ಕಸಬರಿಗೆಗೂ ಒಂದು ಸ್ಥಾನ

ಹುಲ್ಲಿನ ಕಸಬರಿಗೆಯನ್ನು ಎಳೆ ಕೆಳಗಾಗಿ ನಿಲ್ಲಿಸಿದರೆ ಅದರ ಭಾರಕ್ಕೇ ಎಳೆಗಳು ಬಾಗಿ, ಬೇಗ ಸವೆಯುತ್ತದೆ. ಹಿಡಿಗೆ ದಾರದ ಕುಣಿಕೆ ಕಟ್ಟಿ ತೂಗುಹಾಕಿದರೆ ಹೆಚ್ಚು ದಿನ ಬಾಳುತ್ತದೆ. ಕಸಬರಿಗೆ ಲಕ್ಷ್ಮಿಯ ರೂಪ, ಅದನ್ನು ನೆಟ್ಟಗೆ ನಿಲ್ಲಿಸಬಾರದು, ಬಂದವರ ಕಣ್ಣಿಗೆ ಬೀಳುವಂತೆ ಇಡಬಾರದು ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಅಂಥವರು ಬಾಗಿಲ ಹಿಂಬದಿಯ ಗೋಡೆಗೆ ಎರಡು ಗೂಟ ಹೊಡೆದು ಅಡ್ಡಲಾಗಿ ಮಲಗಿಸಬಹುದು. ನಂಬಿಕೆಯೂ ಉಳಿಯುತ್ತದೆ, ಕಸಬರಿಗೆಯೂ ಉಳಿಯುತ್ತದೆ.

ನೆಲ ಒರೆಸುವ ಮಾಪನ್ನು ಚೆನ್ನಾಗಿ ಹಿಂಡಿ, ಬಟ್ಟೆಯ ಭಾಗ ಕೆಳಗಿರುವಂತೆ, ಗೋಡೆಗೆ ತಾಗದ ಹಾಗೆ ತೂಗಬೇಕು. ಮೇಲಾಗಿಟ್ಟರೆ ನೀರು ಕೋಲಿಗಿಳಿದು ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಜೇಡರ ಬಲೆ ತೆಗೆಯುವ ಉದ್ದ ಕೋಲನ್ನು ವಾಹನಕ್ಕೆ ತಗುಲದಂತೆ ಸೂರಿನ ಕೆಳಗೆ ಅಡ್ಡಲಾಗಿ ಇಡುವುದು ಅನುಕೂಲ.

ಗೋಡೆ ನೋಡಿ ಮೊಳೆ ಹೊಡೆಯಿರಿ

ಒಂದೊಂದು ಸಾಮಾನಿಗೂ ಒಂದೊಂದು ಮೊಳೆ ಹೊಡೆದರೆ ಗಾರೆ ಉದುರುವುದೇ ಹೆಚ್ಚು. ಅದರ ಬದಲು ಉದ್ದನೆಯ ಮರದ ಪಟ್ಟಿಯೊಂದನ್ನು ಪ್ಲಾಸ್ಟಿಕ್ ಪ್ಲಗ್ ಹಾಗೂ ಸ್ಕ್ರೂಗಳಿಂದ ಗೋಡೆಗೆ ಬಿಗಿದು, ಕೊಕ್ಕೆಗಳನ್ನು ಪಟ್ಟಿಗೆ ಹಾಕುವುದು ಉತ್ತಮ. ಎರೆಮಣ್ಣು ಬೇಸಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುವುದರಿಂದ ಅದರ ಮೇಲಿನ ಮನೆಗಳ ಗೋಡೆ ಬಿರುಕು ಬಿಡುವುದುಂಟು. ಬಿರುಕಿನ ಸಮೀಪ ಭಾರ ತೂಗಬಾರದು. ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಶೀಟಿಗೆ ರಂಧ್ರ ಕೊರೆಯಲೇಬಾರದು. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕ. ಸಲಿಕೆ, ಗುದ್ದಲಿಯಂಥ ಭಾರದ ವಸ್ತುಗಳ ಅಲಗು ತಲೆಗೆ ತಾಗುವ ಎತ್ತರದಲ್ಲಿ ಇರದಂತೆಯೂ ನೋಡಿಕೊಳ್ಳಬೇಕು.

ವಿಷಕ್ಕೆ ಬೇರೆಯೇ ಜಾಗ

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇಲ್ಲಿದೆ. ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಂದೇ ಹಲಗೆಯ ಮೇಲಿರಬಾರದು. ಅವೆರಡೂ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊಮ್ಮುತ್ತದೆ. ಆಸಿಡ್ಡಿನ ಹಬೆಗೆ ಸಮೀಪದ ಕಬ್ಬಿಣದ ಸಲಕರಣೆಗಳೂ ತುಕ್ಕು ಹಿಡಿಯುತ್ತವೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಪೆಟ್ರೋಲು, ಥಿನ್ನರುಗಳನ್ನು ಮುಚ್ಚಿದ ಗ್ಯಾರೇಜಿನಲ್ಲಿ, ಅದರಲ್ಲೂ ಇನ್ವರ್ಟರ್ ಬ್ಯಾಟರಿಯ ಬಳಿ ಇಡುವುದು ಬೆಂಕಿಗೆ ಆಹ್ವಾನ.

ಮೆಣಸಿನಕಾಯಿ ಬೆಳೆಯುವ ಕುರುಗೋಡು ಭಾಗದಲ್ಲಿ ಸಿಂಪಡಣೆಯ ಪಂಪಿನೊಡನೆ ಕೀಟನಾಶಕವೂ ಶೆಡ್ಡು ಸೇರುವುದುಂಟು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ: ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಹಸಿರೆಂದ ಮಾತ್ರಕ್ಕೆ ನಿರಪಾಯವೆಂದಲ್ಲ. ಇವೆಲ್ಲ ಬೀಗವಿರುವ ಪೆಟ್ಟಿಗೆಯಲ್ಲಿ, ಆಹಾರಧಾನ್ಯ ಹಾಗೂ ಮೇವಿನಿಂದ ದೂರ, ತಮ್ಮ ಮೂಲ ಡಬ್ಬಿಯಲ್ಲೇ ಇರಬೇಕು. ಆಸಿಡ್ಡನ್ನಾಗಲೀ ಕೀಟನಾಶಕವನ್ನಾಗಲೀ ತಂಪುಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ಇಂದೇ ನಿಲ್ಲಲಿ. ಬಾಯಾರಿದ ಮಗುವಿಗೆ ಬಾಟಲಿ ಕಾಣುತ್ತದೆಯೇ ಹೊರತು ಒಳಗಿನ ವಿಷ ಕಾಣುವುದಿಲ್ಲ. ಆಕಸ್ಮಿಕವಾಗಿ ಕುಡಿದರೆ ತಾವಾಗಿ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಚೀಟಿಯಿರುವ ಡಬ್ಬಿಯೂ ಜೊತೆಗಿರಲಿ. ವೈದ್ಯರ ಚಿಕಿತ್ಸೆಗೆ ಅದೇ ಮೊದಲ ಸುಳಿವು.