ಗೋಡಂಬಿಯಂತೆ ಗುಂಡನ್ನೂ ಆರಿಸುತ್ತಾರೆಯೇ?

ಪ್ರಶ್ನೆ: ನಮ್ಮ ಹೈದರಾಬಾದಿನ ಬೇಗಂ ಬಜಾರಿನಲ್ಲಿ ಗೋಡಂಬಿಯನ್ನು ಗಾತ್ರ ನೋಡಿ ಬೇರ್ಪಡಿಸುತ್ತಾರೆ. ಗುರಿಕಾರರೂ ಗುಂಡುಗಳನ್ನು ಹೀಗೇ ಆರಿಸುತ್ತಾರಂತೆ, ಹೌದೇ?

ಉತ್ತರ: ಹೌದು, ಗೋಡಂಬಿಗಿಂತ ಹೆಚ್ಚು ಜಿಪುಣತನದಿಂದ! ಗುಂಡಿನ ತೂಕದ ಅಳತೆ ಗ್ರೇನ್. 1 ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು. ಅದರ ಹತ್ತನೇ ಒಂದು ಪಾಲು ಹೆಚ್ಚುಕಡಿಮೆಯಾದರೂ ಬೇರೆ ಡಬ್ಬಿಗೆ ಹಾಕುವವರಿದ್ದಾರೆ. ನನಗಿದು ತುಸು ಅತಿರೇಕವೆನಿಸುತ್ತದೆ. ತೂಕಕ್ಕಿಂತ ಉಪಯುಕ್ತವಾದದ್ದು ತಳದಿಂದ ಮೂತಿಯ ಬಾಗು ಶುರುವಾಗುವವರೆಗಿನ ಉದ್ದ. ಅದು ಬದಲಾದರೆ ನಳಿಗೆಯನ್ನು ಉಜ್ಜುವ ಭಾಗವೂ ಬದಲಾಗಿ ವೇಗ ಏರುಪೇರಾಗುತ್ತದೆ. 1,000 ಮೀಟರ್ ಸಾಗುವಷ್ಟರಲ್ಲಿ ಆ ಪುಟ್ಟ ವ್ಯತ್ಯಾಸ ಗುಂಡನ್ನು ಮೇಲೋ ಕೆಳಗೋ ಬೀಳಿಸುತ್ತದೆ. ತಾಮ್ರದ ಹೊದಿಕೆ ಒಂದು ಕಡೆ ದಪ್ಪವಿದ್ದರಂತೂ ಗುಂಡು ಸೊಟ್ಟ ಬುಗುರಿಯೇ. ತಕ್ಕಡಿಗೆ ಆ ದೋಷ ಕಾಣುವುದಿಲ್ಲ.

ನಿಮ್ಮ ಹೈದರಾಬಾದಿನ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಅಲ್ಲಿ ದೂರ ಕಡಿಮೆ, ಆದರೆ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್! ಆದ್ದರಿಂದ ಆ ಆಟದವರು 4.5 ಮಿಲಿಮೀಟರಿನ ಸೀಸದ ಪೆಲೆಟ್‌ಗಳನ್ನು ತಮ್ಮ ಬಂದೂಕಿನಲ್ಲೇ ಹಾರಿಸಿ ನೋಡಿ, ಹೊಂದುವ ತಯಾರಿಕಾ ಕಂತನ್ನೇ ಕೊಳ್ಳುತ್ತಾರೆ.