ಕೈಗಡಿಯಾರದ ಸಾಕ್ಷ್ಯಪರೀಕ್ಷೆ

ತಂದೆಯ ಪೆಟ್ಟಿಗೆಯ ತಳದಲ್ಲಿ ದೊರೆತ ‘ಜನತಾ’ ಕೈಗಡಿಯಾರವೊಂದು. ಮೊನ್ನೆ ಪೇಟೆಯಲ್ಲಿ ಹಣ ತೆತ್ತು ಕೊಂಡ, ಥಳಥಳಿಸುವ ‘ಪೈಲಟ್’ ಇನ್ನೊಂದು. ಎರಡರ ಮುಖದ ಮೇಲೂ ಎಚ್.ಎಂ.ಟಿ. ಎಂಬ ಅಕ್ಷರಗಳುಂಟು; ಎರಡರ ಬೆನ್ನಿನ ಮೇಲೂ ಅಂಕಿಗಳುಂಟು. ಮೊದಲನೆಯದರ ಬಣ್ಣ ಮಾಸಿ ಕಲೆಗಟ್ಟಿದೆ, ಎರಡನೆಯದು ಇಂದೇ ಕಾರ್ಖಾನೆಯಿಂದ ಹೊರಟಂತಿದೆ. ಇವುಗಳಲ್ಲಿ ಸಂಶಯಕ್ಕೆ ಪಾತ್ರವಾಗಬೇಕಾದದ್ದು ಯಾವುದು? ಬಹುಮಟ್ಟಿಗೆ ಎರಡನೆಯದೇ.

ಬೆಂಗಳೂರಿನ ಉತ್ತರಕ್ಕಿರುವ ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1953ರಲ್ಲಿ ಸ್ಥಾಪನೆಯಾದದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಅದರ ಗಡಿಯಾರದ ಕಾರ್ಖಾನೆ ಆರಂಭವಾಯಿತು. ಮುಂದೆ 1978ರಲ್ಲಿ ತುಮಕೂರಿನಲ್ಲಿಯೂ ಒಂದು ಕಾರ್ಖಾನೆ ತಲೆಯೆತ್ತಿತು. ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಈ ಗಡಿಯಾರಗಳು ಮನೆಮನೆಯನ್ನು ಹೊಕ್ಕವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಗಡಿಯಾರದ ಅಂಗಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿದ ತರುವಾಯ ಹಳೆಯ ಗಡಿಯಾರಗಳಿಗೆ ಗಿರಾಕಿಗಳು ಹೆಚ್ಚಿದರು. ಗಿರಾಕಿಗಳ ಹಿಂದೆಯೇ ಹುಸಿ ಮಾಲೂ ಬಂದಿತು. ಹಳೆಯ ಬಿಡಿಭಾಗಗಳನ್ನು ಕೂಡಿಸಿ, ಮುಖಫಲಕಕ್ಕೆ ಹೊಸ ಬಣ್ಣ ಬಳಿದು, ಕಾರ್ಖಾನೆಯು ಎಂದೂ ಕಂಡಿರದ ಕೆಂಪು, ಕಿತ್ತಳೆ ವರ್ಣಗಳಲ್ಲಿ ‘ಅಪರೂಪದ ಮಾದರಿ’ ಎಂದು ಮಾರುವುದು ಒಂದು ಕಸುಬೇ ಆಗಿದೆ.

ಬೆನ್ನಿನ ಮುಚ್ಚಳದ ಮೇಲೆ ಸಂಖ್ಯೆಯಿದೆಯಲ್ಲ, ಅದು ಸಾಲದೇ ಎಂದು ಓದುಗರು ಕೇಳಬಹುದು. ಅಮೆರಿಕದಲ್ಲಿ 1960ರ ದಶಕದ ಬಲಿಷ್ಠ ಎಂಜಿನ್ನಿನ ಮೋಟಾರುಕಾರುಗಳನ್ನು ಸಂಗ್ರಹಿಸುವವರು ಇದೇ ತೊಡಕನ್ನು ಎದುರಿಸಿದ್ದಾರೆ. ಆ ದಶಕದ ಕೊನೆಯ ಹಲವು ಕಾರುಗಳಲ್ಲಿ ಒಡಲಿನ ಸಂಖ್ಯೆಯ ಒಂದು ಭಾಗವನ್ನು ಎಂಜಿನ್ನಿನ ಮೇಲೂ ಒತ್ತಿರುತ್ತಾರೆ. ಎರಡೂ ತಾಳೆಯಾದರೆ ಎಂಜಿನ್ನು ಆ ಒಡಲಿನ ಒಡಹುಟ್ಟೆಂದು ನಂಬಲು ಆಧಾರವುಂಟು. ನಮ್ಮ ಕೈಗಡಿಯಾರಕ್ಕೆ ಈ ಸೌಕರ್ಯವಿಲ್ಲ. ಮುಚ್ಚಳದ ಅಂಕಿಗಳು ಮುಚ್ಚಳದ ಪರವಾಗಿ ಮಾತ್ರ ಸಾಕ್ಷ್ಯ ನುಡಿಯುತ್ತವೆ. ಮುಚ್ಚಳವಾದರೋ ತಿರುಗಿಸಿದರೆ ಕಳಚಿಬರುವ ವಸ್ತು! ಒಳಗಿನ ಯಂತ್ರದ ಮೇಲೆ ಕಾಣುವ 0231 ಎಂಬ ಅಂಕಿಯು ಜಾತಿಯ ಹೆಸರೇ ಹೊರತು ವ್ಯಕ್ತಿಯ ಹೆಸರಲ್ಲ; ಆ ಬಗೆಯ ಯಂತ್ರಗಳೆಲ್ಲವೂ ಅದನ್ನೇ ಧರಿಸಿರುತ್ತವೆ. ಆದುದರಿಂದ ಒಂದೊಂದು ಅಂಗವನ್ನೂ ಬೇರೆಬೇರೆಯಾಗಿ ವಿಚಾರಿಸಬೇಕಾಗುತ್ತದೆ.

ಮೊದಲು ಕಿವಿಯಿಂದ ಆರಂಭಿಸೋಣ. ‘ಜನತಾ’, ‘ಪೈಲಟ್’ ಮಾದರಿಗಳಲ್ಲಿ ಬಹುಕಾಲ ಬಳಕೆಯಾದ, ಕೈಯಿಂದ ಕೀ ಕೊಡುವ 0231 ಯಂತ್ರವು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ, ಟಿಕ್ ಎನ್ನುತ್ತದೆ. ದಿನವೊಂದಕ್ಕೆ 4,32,000 ಬಡಿತ! ರಿಪೇರಿಯವರ ಬಳಿಯಿರುವ ಧ್ವನಿಮಾಪಕವು ಈ ಬಡಿತಗಳನ್ನು ಕೇಳಿ ಎಣಿಸಬಲ್ಲುದು. ಎಣಿಕೆ 6 ಬಂದರೆ ಒಳಗಿರುವುದು 0231 ಅಲ್ಲವೆಂಬುದು ನಿಶ್ಚಯ. ಆದರೆ 5 ಬಂದಮಾತ್ರಕ್ಕೆ ಅದೇ ಯಂತ್ರವೆನ್ನುವಂತಿಲ್ಲ. ಆ ಕಾಲದ ಎಷ್ಟೋ ಸ್ವಿಸ್ ಗಡಿಯಾರಗಳದ್ದೂ ಇದೇ ಲಯ. ಪರೀಕ್ಷೆಯು ಸುಳ್ಳನ್ನು ಹಿಡಿಯಬಲ್ಲುದು, ನಿಜವನ್ನು ಸ್ಥಾಪಿಸಲಾರದು.

ಕಿವಿಯ ಕೆಲಸ ಮುಗಿದ ಮೇಲೆ ಮುಚ್ಚಳವನ್ನು ತೆಗೆಯಲೇಬೇಕು. ಯಂತ್ರದ ಮೇಲೆ ಎಚ್.ಎಂ.ಟಿ. ಎಂಬ ಗುರುತು, ಯಂತ್ರದ ಅಂಕಿ, 17 ‘ಜ್ಯೂಯೆಲ್’ ಎಂಬ ಬರಹ ಇವೆಯೇ ನೋಡಬೇಕು. ಈ ಹರಳುಗಳ ವಿಷಯದಲ್ಲಿ ಕೆಲವು ವ್ಯಾಪಾರಿಗಳು ಆಡುವ ಮಾತು ನಗೆ ತರಿಸುತ್ತದೆ. ಇವು ಗಣಿಯ ಮಾಣಿಕ್ಯಗಳಲ್ಲ. ಅಲ್ಯುಮಿನಿಯಂ ಆಕ್ಸೈಡಿಗೆ ತುಸು ಕ್ರೋಮಿಯಂ ಸೇರಿಸಿ ಜ್ವಾಲೆಯಲ್ಲಿ ಕರಗಿಸಿ ಬೆಳೆಸಿದ ಕೃತಕ ಹರಳುಗಳು. ಫ್ರಾನ್ಸಿನ ವೆರ್ನೈ ಎಂಬ ರಸಾಯನಶಾಸ್ತ್ರಜ್ಞನು 1902ರಲ್ಲಿ ಪ್ರಕಟಿಸಿದ ವಿಧಾನ ಅದು. ಅಚ್ಚುಗಳ ತುದಿ ಸವೆಯದಂತೆ ಕಾಪಾಡುವುದು ಅವುಗಳ ಕೆಲಸ. ಮಾರಾಟದ ಬೆಲೆ ಅತ್ಯಲ್ಪ.

ನಿಜವಾದ ಮೋಸವೆಲ್ಲ ನಡೆಯುವುದು ಮುಖಫಲಕದಲ್ಲಿ. ಭೂತಗನ್ನಡಿಯನ್ನು ಹಿಡಿದು ನೋಡಿರಿ. ಕಾರ್ಖಾನೆಯ ಮುದ್ರಣದಲ್ಲಿ ಅಕ್ಷರಗಳ ಅಂಚು ಚೂಪಾಗಿರುತ್ತದೆ. ನಿಮಿಷದ ಗೆರೆಯು ಗಂಟೆಯ ಗುರುತಿನ ನಡುವಿಗೆ ನೇರವಾಗಿ ಬಂದು ನಿಲ್ಲುತ್ತದೆ. ಮರುಬಣ್ಣದ ಫಲಕದಲ್ಲಿ ಶಾಯಿ ಹರಡಿರುತ್ತದೆ, ಗೆರೆಗಳು ಒಂದು ಕಡೆ ವಾಲಿರುತ್ತವೆ, ದೇವನಾಗರಿಯ ‘ಜನತಾ’ ಎಂಬ ಪದ ಸೊಟ್ಟಗಾಗಿರುತ್ತದೆ. 6ರ ಕೆಳಗೆ ಅಂಚಿನಲ್ಲಿ ಇರುವೆಯ ಸಾಲಿನಂತೆ ಮುದ್ರಿತವಾಗುತ್ತಿದ್ದ ಸಂಕೇತಗಳನ್ನು ಮರುಬಣ್ಣದವನು ಬಹುವೇಳೆ ಬಿಟ್ಟೇ ಬಿಡುತ್ತಾನೆ, ಇಲ್ಲವೇ ಎಲ್ಲ ಮಾದರಿಗೂ ಒಂದನ್ನೇ ಒತ್ತುತ್ತಾನೆ. ಫಲಕದ ಹಿಂದೆ ಎರಡು ಸಣ್ಣ ಕಾಲುಗಳಿದ್ದು ಅವು ಯಂತ್ರದ ರಂಧ್ರಗಳಲ್ಲಿ ಕೂರುತ್ತವೆ. ಕಾಲುಗಳಿಲ್ಲದೆ ಅಂಟಿನಿಂದ ನಿಂತಿದ್ದರೆ ಫಲಕವು ಬೇರೆಲ್ಲಿಂದಲೋ ಬಂದಿರಬಹುದು, ಅಥವಾ ಕಾಲು ಮುರಿದುದನ್ನು ಯಾರೋ ಅಂಟಿಸಿರಬಹುದು. ಕಾಲುಗಳಿದ್ದರೂ ಬಣ್ಣದ ಪ್ರಾಮಾಣಿಕತೆಗೆ ಅದು ಪ್ರಮಾಣವಲ್ಲ, ಏಕೆಂದರೆ ಹಳೆಯ ತಗಡನ್ನೇ ಕೆರೆದು ಬಳಿದಿರಬಹುದು. ಖಾತರಿ ಚೀಟಿ ಉಳಿದಿದ್ದರೆ ಅದು ಅಮೂಲ್ಯವೇ ಸರಿ. ಆದರೂ ಅದರ ಮೇಲಿನ ದಿನಾಂಕ ಮಾರಾಟದ್ದು, ತಯಾರಿಕೆಯದಲ್ಲ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ನಲವತ್ತು ವರ್ಷ ತೊಟ್ಟ ಗಡಿಯಾರದ ಗಾಜು, ಮುಳ್ಳು, ಕಮಾನು ಬದಲಾಗಿದ್ದರೆ ಅದು ಮೋಸವಲ್ಲ, ಬಾಳಿದ ಗುರುತು. ತಂದೆಯ ‘ಜನತಾ’ದಲ್ಲಿ ಬೇರೆ ಮಾದರಿಯ ಮುಳ್ಳು ಇದ್ದರೆ ಅದನ್ನು ಕಿತ್ತು ‘ಸರಿಪಡಿಸುವ’ ಆತುರ ಬೇಡವೆಂದು ನನ್ನ ಅಭಿಪ್ರಾಯ. ಅದನ್ನೇ ‘ಕಾರ್ಖಾನೆಯಿಂದ ಹೊರಟಂತೆಯೇ ಇದೆ’ ಎಂದು ಹೇಳಿ ಪರರಿಗೆ ಮಾರಿದಾಗ ಮಾತ್ರ ಅದು ವಂಚನೆಯಾಗುತ್ತದೆ.

ಹೋಲಿಸಿ ನೋಡಲು ಅಸಲಿನ ಪರಿಚಯ ಬೇಕೆಂಬವರಿಗೆ 2019ರಲ್ಲಿ ಜಾಲಹಳ್ಳಿಯಲ್ಲಿ ತೆರೆದ ಎಚ್.ಎಂ.ಟಿ. ಪರಂಪರೆ ಸಂಗ್ರಹಾಲಯವು ಒಳ್ಳೆಯ ಪಾಠಶಾಲೆ. ಅಲ್ಲಿ ಕಂಡ ಅಕ್ಷರಗಳ ಆಕಾರವನ್ನು ಕಣ್ಣಿನಲ್ಲಿ ತುಂಬಿಕೊಂಡು ಬಂದವರು, ಕೊಳ್ಳುವ ಮೊದಲು ಮಾರುವವನನ್ನು ಮುಚ್ಚಳ ತೆಗೆದು ತೋರಿಸೆಂದು ಕೇಳಲಿ. ಅವನು ಒಪ್ಪದಿದ್ದರೆ ಹಣವನ್ನು ಜೇಬಿನಲ್ಲಿಯೇ ಉಳಿಸಿಕೊಳ್ಳಬಹುದು.